ವ್ಯಾಯಾಮದ ಆರಂಭ: ನಾಳೆಗೂ ಉಳಿಯುವ ಅಭ್ಯಾಸ

ಯುಗಾದಿಯ ಮರುದಿನವೋ, ವೈದ್ಯರು ರಕ್ತಪರೀಕ್ಷೆಯ ವರದಿಯನ್ನು ನೋಡಿ ಹುಬ್ಬು ಗಂಟಿಕ್ಕಿದ ಮರುದಿನವೋ, ಕನ್ನಡ ನಾಡಿನ ಊರೂರುಗಳ ಶಾಲಾ ಮೈದಾನಗಳಲ್ಲಿ ನಸುಕಿನ ಹೊತ್ತಿಗೆ ಕೆಲವು ಹೊಸ ಮುಖಗಳು ಕಾಣಿಸಿಕೊಳ್ಳುವುದುಂಟು. ನಲವತ್ತು ದಾಟಿದ ಉಪಾಧ್ಯಾಯರು, ಹಗಲೆಲ್ಲ ಗಾದಿಯ ಮೇಲೆ ಕುಳಿತು ವ್ಯವಹಾರ ನಡೆಸುವ ವರ್ತಕರು, ಕಡತಗಳ ನಡುವೆ ದಿನಗಳೆಯುವ ಅಧಿಕಾರಿಗಳು ಹೊಸ ಪಾದರಕ್ಷೆಗಳನ್ನು ಧರಿಸಿ ಬರುತ್ತಾರೆ. ಇಪ್ಪತ್ತು ವರ್ಷಗಳಿಂದ ಕೂಡಿಬಂದ ಬೊಜ್ಜನ್ನು ಇಪ್ಪತ್ತು ದಿನಗಳಲ್ಲಿ ಕರಗಿಸಿಬಿಡುವ ಛಲದಿಂದ ಮೊದಲ ದಿನವೇ ಮೈದಾನವನ್ನು ಹತ್ತು ಸುತ್ತು ಓಡುತ್ತಾರೆ. ಎರಡನೆಯ ದಿನ ತೊಡೆ, ಮೀನಖಂಡಗಳು ಬಿಗಿದುಕೊಳ್ಳುತ್ತವೆ. ಮೂರನೆಯ ದಿನ ಮೆಟ್ಟಿಲಿಳಿಯುವುದೇ ಕಷ್ಟವಾಗುತ್ತದೆ. ಎಂಟನೆಯ ದಿನ ಬಂಧುಗಳ ಮನೆಯಲ್ಲಿ ಮದುವೆಯೋ, ಊರಲ್ಲಿ ಜಾತ್ರೆಯೋ ಬರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಮೈದಾನವು ಮೊದಲಿನಂತೆ ಮಕ್ಕಳ ಪಾಲಿಗೇ ಉಳಿಯುತ್ತದೆ.

ಹೀಗೆ ನಿಂತುಹೋದವರನ್ನು ಲೋಕವು ಸೋಮಾರಿಗಳೆಂದು ಕರೆಯುತ್ತದೆ. ಅದಕ್ಕಿಂತ ವಿಷಾದದ ಸಂಗತಿಯೆಂದರೆ, ಅವರೂ ತಮ್ಮನ್ನು ಹಾಗೆಯೇ ಕರೆದುಕೊಳ್ಳತೊಡಗುತ್ತಾರೆ. ಎರಡು ಮೂರು ಬಾರಿ ಆರಂಭಿಸಿ ಬಿಟ್ಟವರು ತಮ್ಮ ದೇಹಪ್ರಕೃತಿಯೇ ಹೀಗೆಂದು ನಿರ್ಧರಿಸಿ ಕೈಚೆಲ್ಲುತ್ತಾರೆ. ಇಳಿಯದೆ ಉಳಿದ ನಾಲ್ಕು ಕಿಲೋಗ್ರಾಂ ತೂಕಕ್ಕಿಂತ ಕಳೆದುಹೋದ ಈ ಆತ್ಮವಿಶ್ವಾಸವೇ ದೊಡ್ಡ ನಷ್ಟ. ಆದರೆ ವಿಚಾರಮಾಡಿ ನೋಡಿದರೆ ಇಲ್ಲಿ ಸೋತದ್ದು ಸಂಕಲ್ಪಶಕ್ತಿಯಲ್ಲ, ತಪ್ಪಿದ್ದು ಅಳತೆ. ಅತ್ಯಂತ ಉತ್ಸಾಹದ ದಿನ ಎಷ್ಟು ಮಾಡಬಹುದೆಂಬುದನ್ನು ಅಳತೆಗೋಲಾಗಿ ಹಿಡಿದು ಅವರು ಆರಂಭಿಸಿದರು. ಅತ್ಯಂತ ದಣಿದ ದಿನವೂ ಎಷ್ಟು ಮಾಡಬಹುದೆಂಬುದನ್ನು ಹಿಡಿದು ಆರಂಭಿಸಿದ್ದರೆ ಫಲ ಬೇರೆಯಾಗುತ್ತಿತ್ತು. ಈ ಒಂದು ಮಾತಿನ ಅರ್ಥವನ್ನೂ ಆಚರಣೆಯನ್ನೂ ಕ್ರಮವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಾರಿಗೆ ಇದು ಅಗತ್ಯ?

ಕನ್ನಡಿಯಲ್ಲಿ ಸ್ಥೂಲವಾಗಿ ಕಾಣುವವರಿಗೆ ಮಾತ್ರ ಈ ವಿಷಯ ಸಂಬಂಧಿಸಿದ್ದೆಂದು ಭಾವಿಸುವುದು ತಪ್ಪು. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ದೇಹಭಾರ ಸೂಚ್ಯಂಕವೆಂದು ಹೆಸರು. ಭಾರತೀಯರಿಗೆ ಈ ಸೂಚ್ಯಂಕವು ೨೩ನ್ನು ಮುಟ್ಟಿದರೆ ಅಧಿಕ ತೂಕವೆಂದೂ, ೨೫ನ್ನು ಮುಟ್ಟಿದರೆ ಬೊಜ್ಜೆಂದೂ ಪರಿಗಣಿಸಬೇಕೆಂದು ೨೦೦೯ರಲ್ಲಿ ಭಾರತದ ತಜ್ಞವೈದ್ಯರು ಒಮ್ಮತದಿಂದ ಸೂಚಿಸಿದರು. ೧೬೫ ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಇದು ಸುಮಾರು ೬೩ ಮತ್ತು ೬೮ ಕಿಲೋಗ್ರಾಂಗಳಾಗುತ್ತದೆ. ಸೊಂಟದ ಸುತ್ತಳತೆಯು ಪುರುಷರಲ್ಲಿ ೯೦, ಸ್ತ್ರೀಯರಲ್ಲಿ ೮೦ ಸೆಂಟಿಮೀಟರನ್ನು ಮುಟ್ಟುವುದೂ ಎಚ್ಚರಿಕೆಯ ಗಂಟೆಯೇ. ಪಾಶ್ಚಾತ್ಯರಿಗೆ ಹೇಳುವ ಮಿತಿಗಳಿಗಿಂತ ಇವು ಕಡಿಮೆಯಾಗಿರುವುದಕ್ಕೆ ಕಾರಣವುಂಟು. ೨೦೦೪ರಲ್ಲಿ ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅವರು ತಮ್ಮಿಬ್ಬರ ಶರೀರಗಳನ್ನೇ ಹೋಲಿಸಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಭಾವಚಿತ್ರಸಹಿತ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ ೨೨.೩, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬಿನ ಪಾಲು ಶೇಕಡಾ ೯.೧ ಆಗಿದ್ದರೆ ಯಾಜ್ಞಿಕರಲ್ಲಿ ಶೇಕಡಾ ೨೧.೨ ಇತ್ತು. ತೆಳ್ಳಗೆ ಕಾಣುವ ಭಾರತೀಯನ ಉದರದಲ್ಲಿಯೂ ಕೊಬ್ಬು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ತೂಕದ ಲೆಕ್ಕ

ಆರಂಭಕಾರನು ಮೊಟ್ಟಮೊದಲು ತಿಳಿಯಬೇಕಾದದ್ದು ಲೆಕ್ಕದ ಒಂದು ಸತ್ಯ. ಸುಮಾರು ೭೦ ಕಿಲೋಗ್ರಾಂ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ವೆಚ್ಚವಾಗುವ ಶಕ್ತಿ ಸುಮಾರು ೧೨೦ ಕಿಲೋಕ್ಯಾಲೊರಿ. ಒಂದು ದೊಡ್ಡ ಚಮಚ, ಅಂದರೆ ೧೫ ಮಿಲಿಲೀಟರ್ ಎಣ್ಣೆಯಲ್ಲಿರುವ ಶಕ್ತಿಯೂ ಅಷ್ಟೇ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು ೭,೭೦೦ ಕಿಲೋಕ್ಯಾಲೊರಿಗಳ ಸಂಗ್ರಹವಿರುತ್ತದೆ. ಆದಕಾರಣ ತಿಂಗಳು ಪೂರ್ತಿ ದಿನಕ್ಕೆ ಅರ್ಧ ಗಂಟೆ ನಡೆದರೂ, ಊಟ ಮೊದಲಿನಂತೆಯೇ ಇದ್ದಲ್ಲಿ, ಇಳಿಯುವ ತೂಕ ಅರ್ಧ ಕಿಲೋಗ್ರಾಮನ್ನೂ ತಲುಪಲಾರದು. ನಡಿಗೆ ಮುಗಿಸಿ ಬಂದವರು ಹಸಿವೆಯ ನೆಪದಲ್ಲಿ ಎರಡು ಬೋಂಡಾ ತಿಂದರೆ ಅದೂ ಕೈಬಿಟ್ಟಿತು.

ಈ ಲೆಕ್ಕವನ್ನು ಮೊದಲೇ ಅರಿಯದವರು ಹದಿನೈದನೆಯ ದಿನ ತಕ್ಕಡಿಯ ಮೇಲೆ ನಿಂತು ನಿರಾಶರಾಗುತ್ತಾರೆ. ವ್ಯಾಯಾಮವೇ ನಿಷ್ಫಲವೆಂದು ತೀರ್ಮಾನಿಸುತ್ತಾರೆ. ತೂಕವನ್ನು ಇಳಿಸುವ ಭಾರವನ್ನು ಮುಖ್ಯವಾಗಿ ಹೊರಬೇಕಾದುದು ಊಟದ ತಟ್ಟೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ೪೦ ಗ್ರಾಂ ಸಕ್ಕರೆ, ೧೬೦ ಕಿಲೋಕ್ಯಾಲೊರಿ. ಇದನ್ನು ಅರ್ಧಕ್ಕಿಳಿಸುವುದು, ಒಗ್ಗರಣೆಯ ಎಣ್ಣೆಯನ್ನು ಅಳೆದು ಹಾಕುವುದು, ಅನ್ನದ ಪ್ರಮಾಣವನ್ನು ತುಸು ತಗ್ಗಿಸಿ ಪಲ್ಯ, ಕಾಳು, ಸೊಪ್ಪುಗಳನ್ನು ಹೆಚ್ಚಿಸುವುದು, ಇವು ಉಪವಾಸದ ವ್ರತಗಳಿಗಿಂತ ಹೆಚ್ಚು ಕಾಲ ಬಾಳುವ ಕ್ರಮಗಳು. ಗುರಿಯೂ ಮಿತವಾಗಿರಬೇಕು. ೮೦ ಕಿಲೋಗ್ರಾಂ ತೂಗುವವರು ಆರು ತಿಂಗಳಲ್ಲಿ ನಾಲ್ಕರಿಂದ ಐದೂವರೆ ಕಿಲೋಗ್ರಾಂ ಇಳಿದರೆ ಅದು ಸಣ್ಣ ಸಾಧನೆಯಲ್ಲ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ೩,೨೩೪ ಜನರ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ, ತೂಕದಲ್ಲಿ ಶೇಕಡಾ ೭ರಷ್ಟು ಇಳಿಕೆ ಮತ್ತು ವಾರಕ್ಕೆ ೧೫೦ ನಿಮಿಷಗಳ ವ್ಯಾಯಾಮ ಎಂಬೆರಡೇ ಗುರಿಗಳನ್ನು ಇರಿಸಿಕೊಂಡ ಗುಂಪಿನಲ್ಲಿ, ಹೋಲಿಕೆಯ ಗುಂಪಿಗಿಂತ ಮಧುಮೇಹವು ಶೇಕಡಾ ೫೮ರಷ್ಟು ಕಡಿಮೆ ಕಾಣಿಸಿಕೊಂಡಿತು.

ತಕ್ಕಡಿಯು ತೋರಿಸದ ಲಾಭ

ಹಾಗಾದರೆ ತೂಕ ಇಳಿಸುವುದರಲ್ಲಿ ವ್ಯಾಯಾಮದ ಪಾತ್ರವೇನೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಮೂರು ಉತ್ತರಗಳುಂಟು. ಊಟವನ್ನು ಮಾತ್ರ ಕಡಿತಗೊಳಿಸಿದರೆ ಕೊಬ್ಬಿನೊಡನೆ ಸ್ನಾಯುಗಳೂ ಕರಗುತ್ತವೆ. ವ್ಯಾಯಾಮವು ಸ್ನಾಯುಗಳನ್ನು ಕಾಪಾಡುತ್ತದೆ. ಎರಡನೆಯದಾಗಿ, ಒಮ್ಮೆ ಇಳಿದ ತೂಕವು ಮರಳಿ ಏರದಂತೆ ತಡೆಯುವಲ್ಲಿ ವ್ಯಾಯಾಮದ ನೆರವು ದೊಡ್ಡದು. ಮೂರನೆಯ ಉತ್ತರವೇ ಎಲ್ಲಕ್ಕಿಂತ ಮಹತ್ವದ್ದು: ಅದರ ಅನೇಕ ಫಲಗಳು ತಕ್ಕಡಿಯಲ್ಲಿ ಕಾಣುವುದೇ ಇಲ್ಲ.

ಚೆನ್ನೈ ನಗರದ ವೈದ್ಯರ ನೇತೃತ್ವದಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ಪ್ರತಿಬಂಧಕ ಪ್ರಯೋಗವು ಈ ಮಾತಿಗೆ ಸಾಕ್ಷಿ. ರಕ್ತದಲ್ಲಿ ಸಕ್ಕರೆಯ ಅಂಶ ಏರತೊಡಗಿದ್ದ ೫೩೧ ಜನರನ್ನು ಅದರಲ್ಲಿ ಸೇರಿಸಿಕೊಳ್ಳಲಾಗಿತ್ತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳಲ್ಲಿ ಶೇಕಡಾ ೫೫ ಜನ ಮಧುಮೇಹಿಗಳಾದರು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಮತ್ತು ಆಹಾರದ ಹಿತಮಿತವನ್ನು ಪಾಲಿಸಿದವರಲ್ಲಿ ಈ ಪ್ರಮಾಣ ಶೇಕಡಾ ೩೯.೩ಕ್ಕೆ ನಿಂತಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಎರಡನೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇನೂ ಆಗಿರಲಿಲ್ಲ. ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗೆ ದೇಹವು ಬದಲಾಗುತ್ತಿತ್ತು. ಭಾರತದಲ್ಲಿ ೧೦ ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಅಂದಾಜು ಮಾಡಿರುವಾಗ, ಹದಿನೈದನೆಯ ದಿನದ ತಕ್ಕಡಿಯ ಮಾತು ಕೇಳಿ ನಡಿಗೆಯನ್ನು ಬಿಡುವುದೆಂದರೆ ಏನನ್ನು ಬಿಟ್ಟಂತೆಂಬುದನ್ನು ವಿಚಾರವಂತರು ಊಹಿಸಿಕೊಳ್ಳಬಹುದು.

ಇದಕ್ಕೂ ಹಿಂದಿನದೊಂದು ನಿದರ್ಶನವಿದೆ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಆ ನಗರದ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ೧೯೫೩ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಟಿಕೆಟ್ ಕೊಡಲು ಮಹಡಿಯ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಾಗಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆಯು ಮೊದಲಿನಿಂದಲೇ ದೊಡ್ಡದಿತ್ತೆಂಬುದನ್ನು ಅದೇ ಮಾರಿಸರು ೧೯೫೬ರಲ್ಲಿ ಪ್ರಾಮಾಣಿಕವಾಗಿ ತೋರಿಸಿ, ಒಂದೇ ಕಾರಣಕ್ಕೆ ಎಲ್ಲವನ್ನೂ ಆರೋಪಿಸಬಾರದೆಂಬ ಎಚ್ಚರವನ್ನೂ ಕೊಟ್ಟರು. ಆದರೂ ಚಲನೆಯು ಹೃದಯಕ್ಕೆ ಹಿತವೆಂಬ ಅವರ ಮೂಲ ವಿಚಾರವನ್ನು ಮುಂದಿನ ಹಲವಾರು ಅಧ್ಯಯನಗಳು ದೃಢಪಡಿಸಿದವು. ಆ ನಿರ್ವಾಹಕರು ವ್ಯಾಯಾಮಶಾಲೆಗೆ ಹೋದವರಲ್ಲ. ಅವರ ದಿನಚರಿಯೊಳಗೇ ಶ್ರಮವು ಸೇರಿಕೊಂಡಿತ್ತು. ಅದನ್ನು ಮಾಡಲೋ ಬಿಡಲೋ ಎಂದು ಪ್ರತಿ ಬೆಳಿಗ್ಗೆ ಯೋಚಿಸುವ ಪ್ರಸಂಗವೇ ಅವರಿಗೆ ಒದಗುತ್ತಿರಲಿಲ್ಲ.

ಅರ್ಧಶಕ್ತಿಯ ನಿಯಮ

ಎಷ್ಟು ವ್ಯಾಯಾಮ ಮಾಡಬೇಕೆಂಬುದಕ್ಕೆ ಭಾರತದ ಪ್ರಾಚೀನ ವೈದ್ಯರು ಒಂದು ಸೊಗಸಾದ ಮಿತಿಯನ್ನು ಹಾಕಿದ್ದರು. ವ್ಯಕ್ತಿಯು ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಾಯಾಮದಲ್ಲಿ ವ್ಯಯಿಸಬೇಕೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಉಸಿರು ಬಾಯಿಯ ಮೂಲಕ ಬರತೊಡಗುವುದೇ ಅರ್ಧಬಲ ಮುಗಿದುದರ ಲಕ್ಷಣವೆಂದು ಆ ಗ್ರಂಥವು ಹೇಳುತ್ತದೆ. ವಾಗ್ಭಟನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಅರ್ಧಶಕ್ತಿಯೂ ಬಲಿಷ್ಠರಿಗೆ ಚಳಿಗಾಲ ಮತ್ತು ವಸಂತದಲ್ಲಿ ಸಲ್ಲತಕ್ಕದ್ದು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಸಾಕೆಂದನು. ಇಂದಿನ ವ್ಯಾಯಾಮಶಾಸ್ತ್ರವು ಆರಂಭಕಾರರಿಗೆ ಹೇಳುವ ಪರೀಕ್ಷೆಯೂ ಇದಕ್ಕೆ ಸಮೀಪದ್ದೇ: ನಡೆಯುವಾಗ ಜೊತೆಗಾರನೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ನಿಂತುಹೋದರೆ ವೇಗ ಹೆಚ್ಚಾಯಿತೆಂದೂ, ಹಾಡು ಸರಾಗವಾಗಿ ಬಂದರೆ ವೇಗ ಸಾಲದೆಂದೂ ತಿಳಿಯಬೇಕು. ಇದಕ್ಕೆ ಗಡಿಯಾರ ಬೇಡ, ಯಂತ್ರ ಬೇಡ.

ಹಳೆಯ ಗರಡಿಮನೆಗಳ ಪದ್ಧತಿಯೂ ಇದನ್ನೇ ಕಲಿಸುತ್ತಿತ್ತು. ಹೊಸದಾಗಿ ಬಂದ ಹುಡುಗನನ್ನು ಉಸ್ತಾದರು ಮೊದಲ ದಿನವೇ ಕುಸ್ತಿಗೆ ಇಳಿಸುತ್ತಿರಲಿಲ್ಲ. ಕೆಂಪು ಮಣ್ಣನ್ನು ಹದಗೊಳಿಸುವುದು, ಕೆಲವೇ ಬಸ್ಕಿ, ಕೆಲವೇ ದಂಡ ಎಂದು ಆರಂಭವಾಗಿ, ಸಂಖ್ಯೆ ದಿನದಿನಕ್ಕೆ ಅರಿವಾಗದಂತೆ ಏರುತ್ತಿತ್ತು.

ಸಂಖ್ಯೆಗಳ ವಿಷಯದಲ್ಲಿಯೂ ಒಂದು ಭ್ರಮೆಯನ್ನು ಇಲ್ಲಿ ನಿವಾರಿಸಬೇಕಾಗಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯದಿದ್ದರೆ ಪ್ರಯೋಜನವಿಲ್ಲವೆಂದು ಅನೇಕರು ನಂಬಿದ್ದಾರೆ. ಈ ಸಂಖ್ಯೆ ಪ್ರಚಾರಕ್ಕೆ ಬಂದದ್ದು ವೈದ್ಯಶಾಸ್ತ್ರದಿಂದಲ್ಲ. ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ. ಅಮೆರಿಕದ ೧೬,೭೪೧ ವೃದ್ಧ ಮಹಿಳೆಯರನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು ೨,೭೦೦ ಹೆಜ್ಜೆ ಇಡುತ್ತಿದ್ದವರಿಗಿಂತ ೪,೪೦೦ ಹೆಜ್ಜೆ ಇಡುತ್ತಿದ್ದವರಲ್ಲಿ ಮರಣಪ್ರಮಾಣ ಸ್ಪಷ್ಟವಾಗಿ ಕಡಿಮೆ ಕಂಡಿತು; ಸುಮಾರು ೭,೫೦೦ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅರ್ಥಾತ್, ಬಹಳ ಕಡಿಮೆ ನಡೆಯುವವನು ಸ್ವಲ್ಪ ಹೆಚ್ಚು ನಡೆದರೆ ದೊರೆಯುವ ಲಾಭವೇ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮವನ್ನೂ, ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸವನ್ನೂ ವಿಧಿಸಿತು. ಒಮ್ಮೆಗೆ ಹತ್ತು ನಿಮಿಷಕ್ಕೆ ಕಡಿಮೆಯಾದರೆ ಲೆಕ್ಕಕ್ಕಿಲ್ಲವೆಂಬ ಹಿಂದಿನ ನಿಬಂಧನೆಯನ್ನು ಆಗಲೇ ಕೈಬಿಟ್ಟಿತು.

ಮೊದಲ ಹನ್ನೆರಡು ವಾರಗಳು

ಮೇಲಿನ ತತ್ತ್ವವನ್ನು ಆಚರಣೆಗೆ ಇಳಿಸುವ ಬಗೆ ಹೀಗೆ. ಮೊದಲ ಎರಡು ವಾರ ದಿನಕ್ಕೆ ಹತ್ತೇ ನಿಮಿಷ ನಡಿಗೆ. ಉತ್ಸಾಹ ಎಷ್ಟೇ ಇದ್ದರೂ ಹನ್ನೊಂದನೆಯ ನಿಮಿಷವನ್ನು ನಾಳೆಗೆ ಉಳಿಸಿಕೊಳ್ಳಬೇಕು. ಮೂರು ಮತ್ತು ನಾಲ್ಕನೆಯ ವಾರ ಹದಿನೈದು ನಿಮಿಷ, ಐದು ಮತ್ತು ಆರನೆಯ ವಾರ ಇಪ್ಪತ್ತು, ಏಳು ಮತ್ತು ಎಂಟನೆಯ ವಾರ ಇಪ್ಪತ್ತೈದು, ಒಂಬತ್ತನೆಯ ವಾರದಿಂದ ಮೂವತ್ತು. ವಾರಕ್ಕೆ ಐದು ದಿನ ಮೂವತ್ತು ನಿಮಿಷ ನಡೆದಲ್ಲಿಗೆ ೧೫೦ ನಿಮಿಷ ಪೂರ್ಣವಾಗುತ್ತದೆ. ಮೊದಲ ಮೂರು ನಿಮಿಷ ಮತ್ತು ಕೊನೆಯ ಮೂರು ನಿಮಿಷ ನಿಧಾನವಾಗಿರಲಿ. ಒಂದೇ ವಾರದಲ್ಲಿ ಅವಧಿಯನ್ನೂ ವೇಗವನ್ನೂ ಒಟ್ಟಿಗೆ ಏರಿಸಬಾರದು. ಯಾವುದಾದರೂ ವಾರ ಭಾರವೆನಿಸಿದರೆ ಅದೇ ವಾರವನ್ನು ಮತ್ತೊಮ್ಮೆ ಆವರ್ತಿಸುವುದರಲ್ಲಿ ಅವಮಾನವಿಲ್ಲ. ಅರ್ಥವಾಗದ ಪಾಠವನ್ನು ಒಳ್ಳೆಯ ಗುರುಗಳು ಮತ್ತೊಮ್ಮೆ ಹೇಳುವುದಿಲ್ಲವೇ?

ಮೂರನೆಯ ವಾರದಿಂದ, ವಾರಕ್ಕೆ ಎರಡು ದಿನ, ಸ್ನಾಯುಬಲದ ಅಭ್ಯಾಸವನ್ನು ಸೇರಿಸಬೇಕು. ಕುರ್ಚಿಯಿಂದ ಕೈಯೂರದೆ ಎಂಟು ಬಾರಿ ಎದ್ದು ಕುಳಿತುಕೊಳ್ಳುವುದು; ಗೋಡೆಗೆ ಎರಡೂ ಅಂಗೈಗಳನ್ನೊತ್ತಿ ಎಂಟು ಬಾರಿ ದಂಡದಂತೆ ಬಾಗಿ ಏಳುವುದು; ಕಿಟಕಿಯ ಸರಳು ಹಿಡಿದು ಹತ್ತು ಬಾರಿ ಹಿಮ್ಮಡಿ ಎತ್ತುವುದು. ಇಷ್ಟು ಸಾಕು. ಉಸಿರು ಬಿಗಿಹಿಡಿಯಬಾರದು. ತಿಂಗಳ ನಂತರ ಇದನ್ನೇ ಎರಡು ಆವೃತ್ತಿ ಮಾಡಬಹುದು. ಸೂರ್ಯನಮಸ್ಕಾರದ ರೂಢಿಯಿದ್ದವರು ಎರಡು ಮೂರರಿಂದ ಆರಂಭಿಸಿ ಏರಿಸಬಹುದು; ಮೊಣಕಾಲು, ಬೆನ್ನು ಅಥವಾ ರಕ್ತದೊತ್ತಡದ ತೊಂದರೆಯಿರುವವರು ಬಲ್ಲವರನ್ನು ಕೇಳಿ ಮುಂದುವರಿಯಲಿ.

ಅಭ್ಯಾಸಕ್ಕೆ ನಿಶ್ಚಿತವಾದ ಕೊಂಡಿಯೊಂದು ಬೇಕು. ‘ಸಮಯ ಸಿಕ್ಕಾಗ ನಡೆಯುತ್ತೇನೆ’ ಎಂದವರಿಗೆ ಸಮಯ ಸಿಕ್ಕುವುದಿಲ್ಲ. ಶಾಲೆಯ ಕೊನೆಯ ಗಂಟೆ ಬಾರಿಸಿದ ಒಡನೆ, ಅಂಗಡಿಯ ಬಾಗಿಲು ತೆರೆಯುವ ಮೊದಲು, ಬೆಳಗಿನ ಹಾಲು ತರಲು ಹೋದಾಗ, ಹೀಗೆ ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ನಡಿಗೆಯನ್ನು ಗಂಟುಹಾಕಬೇಕು. ಲಂಡನ್ನಿನ ನಿರ್ವಾಹಕರಿಗೆ ಮೆಟ್ಟಿಲು ಒದಗಿದಂತೆ ಇದು ದಿನದೊಳಗೇ ಸೇರಿಹೋಗಬೇಕು. ಕಲಬುರಗಿ, ವಿಜಯಪುರ, ರಾಯಚೂರು ಸೀಮೆಗಳ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಶಾಲೆಯ ಉದ್ದನೆಯ ಪಡಸಾಲೆಯೇ ಮೈದಾನವಾಗಬಹುದು.

ಎಚ್ಚರಿಕೆಯ ಮಾತು

ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರೂ, ನಡೆಯುವಾಗ ಎದೆನೋವು ಅಥವಾ ಅಸಹಜ ಏದುಸಿರು ಅನುಭವಿಸಿದವರೂ ಆರಂಭಕ್ಕೆ ಮುನ್ನ ವೈದ್ಯರನ್ನು ಕಾಣತಕ್ಕದ್ದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ವ್ಯಾಯಾಮದ ಸಮಯ ಸಕ್ಕರೆಯ ಅಂಶ ಒಮ್ಮೆಲೇ ಕುಸಿಯಬಹುದಾದ್ದರಿಂದ, ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡಿರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಮನೆಗೆ ಮರಳಿದ ಮೇಲೆ ಅಂಗಾಲುಗಳನ್ನು ನೋಡಿಕೊಳ್ಳಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಲೆ ಸುತ್ತುವಿಕೆ, ತಣ್ಣನೆಯ ಬೆವರು ಕಾಣಿಸಿಕೊಂಡರೆ ಕೂಡಲೇ ನಿಂತು ತಡಮಾಡದೆ ಚಿಕಿತ್ಸೆ ಪಡೆಯಬೇಕು. ಹೊಸ ಶ್ರಮದ ನಂತರ ಒಂದರಿಂದ ಮೂರು ದಿನ ಸ್ನಾಯುಗಳಲ್ಲಿ ಕಾಣುವ ಮಂದವಾದ ನೋವು ಸಹಜ. ಕೀಲುಗಳಲ್ಲಿ ಚುಚ್ಚುವ ನೋವು ಸಹಜವಲ್ಲ. ಅದನ್ನು ಛಲದಿಂದ ತುಳಿದು ಮುಂದೆ ಹೋಗಬಾರದು.

ತಪ್ಪಿದ ದಿನದ ಮರುದಿನ

ಎಷ್ಟೇ ವಿವೇಕದಿಂದ ಆರಂಭಿಸಿದರೂ ಅಭ್ಯಾಸವು ತಪ್ಪುವ ದಿನ ಬಂದೇ ಬರುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಉತ್ತರಪತ್ರಿಕೆಗಳ ಮೌಲ್ಯಮಾಪನದ ಹೊರೆ ಬೀಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ೯೬ ಸ್ವಯಂಸೇವಕರ ಮೇಲೆ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಬಹು ಉಪಯುಕ್ತ. ಹೊಸದೊಂದು ನಡವಳಿಕೆಯು ಯೋಚನೆಯಿಲ್ಲದೆ ತಾನಾಗಿ ನಡೆಯುವಂತಾಗಲು ಹಿಡಿದ ಕಾಲ ೧೮ ದಿನಗಳಿಂದ ೨೫೪ ದಿನಗಳವರೆಗೆ ಹರಡಿಕೊಂಡಿತ್ತು. ನಡುವಣ ಲೆಕ್ಕ ೬೬ ದಿನ. ಇಪ್ಪತ್ತೊಂದು ದಿನಗಳಲ್ಲಿ ಅಭ್ಯಾಸ ಕೂಡುತ್ತದೆಂಬ ಜನಜನಿತ ನಂಬಿಕೆಗೆ ಇದರಲ್ಲಿ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವನ್ನೂ ಅವರು ಕಂಡರು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಗಣನೀಯವಾದ ಹಾನಿಯೇನೂ ಆಗಲಿಲ್ಲ.

ಹಾಗಿದ್ದರೂ ಒಂದು ದಿನ ತಪ್ಪಿದ ಕಾರಣಕ್ಕೆ ಜನ ಶಾಶ್ವತವಾಗಿ ಬಿಟ್ಟುಬಿಡುತ್ತಾರಲ್ಲ, ಏಕೆ? ಅವರ ಮನಸ್ಸಿನಲ್ಲಿ ವ್ಯಾಯಾಮವು ವ್ರತವಾಗಿರುತ್ತದೆ, ಇಲ್ಲವೆ ಶಿಕ್ಷೆಯಾಗಿರುತ್ತದೆ. ವ್ರತವಾದರೆ ಒಂದು ದಿನದಲ್ಲಿ ಭಂಗವಾಯಿತು. ಶಿಕ್ಷೆಯಾದರೆ ಯಾರೂ ನೋಡದಿರುವಾಗ ತಪ್ಪಿಸಿಕೊಳ್ಳುವುದೇ ಜಾಣತನ. ಈ ಎರಡನೆಯ ಭಾವನೆಯ ಬೇರು ಬಹುಶಃ ಶಾಲೆಯಲ್ಲಿಯೇ ಇದೆ. ಲೆಕ್ಕ ತಪ್ಪಿದ ಹುಡುಗನಿಗೆ ಇಪ್ಪತ್ತು ಬಸ್ಕಿ, ತಡವಾಗಿ ಬಂದವನಿಗೆ ಮೈದಾನದ ಮೂರು ಸುತ್ತು ವಿಧಿಸುತ್ತಿದ್ದ ಕಾಲವೊಂದಿತ್ತು. ಅಂಥ ಶಿಕ್ಷೆಗೆ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಅವಕಾಶವಿಲ್ಲ. ಆದರೆ ಬಸ್ಕಿಯನ್ನು ಅವಮಾನದೊಡನೆ ಕಲಿತ ಹುಡುಗನು ನಲವತ್ತೈದನೆಯ ವಯಸ್ಸಿನಲ್ಲಿಯೂ, ಹೋಳಿಗೆ ತಿಂದ ತಪ್ಪಿಗೆ ದಂಡ ತೆರುವವನಂತೆ ಮೈದಾನಕ್ಕೆ ಬರುತ್ತಾನೆ. ದಂಡ ತೆತ್ತು ಮುಗಿದ ಮೇಲೆ ಮತ್ತೆ ಏಕೆ ಬಂದಾನು?

ಆದುದರಿಂದ ತಪ್ಪಿದ ದಿನಕ್ಕಾಗಿ ಮರುದಿನ ಇಮ್ಮಡಿ ನಡೆಯುವುದು ಬೇಡ. ಮರುದಿನ ಎಂದಿನಷ್ಟೇ, ಬೇಕಾದರೆ ಅದರ ಅರ್ಧದಷ್ಟೇ ನಡೆದರೂ ಸಾಕು. ಸತತ ಎರಡು ದಿನ ತಪ್ಪದಂತೆ ನೋಡಿಕೊಂಡರೆ ಅಭ್ಯಾಸದ ಎಳೆ ಕಡಿಯುವುದಿಲ್ಲ. ವಾರಕ್ಕಿಂತ ಹೆಚ್ಚು ಕಾಲ ಕಾಯಿಲೆಯಲ್ಲಿ ಮಲಗಿದ್ದವರು ಎರಡು ಮೂರು ವಾರ ಹಿಂದಿನ ಅಳತೆಯಿಂದ ಮರಳಿ ತೊಡಗಬೇಕು. ಗೋಡೆಯ ಪಂಚಾಂಗದಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿಕೊಳ್ಳುವುದು ಒಳ್ಳೆಯ ಉಪಾಯ. ತಕ್ಕಡಿಯನ್ನು ವಾರಕ್ಕೊಮ್ಮೆ, ಸೊಂಟದ ದಾರವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಪಂಚಾಂಗವನ್ನು ಮಾತ್ರ ಪ್ರತಿದಿನ ನೋಡಬೇಕು.

ಮನೆಯವರ ಮತ್ತು ಶಾಲೆಯ ಹೊಣೆ

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಬೆಳಗಿನ ಐದಕ್ಕೆ ಎದ್ದು ಒಲೆಯ ಮುಂದೆ ನಿಲ್ಲುವ ಗೃಹಿಣಿಗೆ ಸಂಕಲ್ಪದ ಕೊರತೆಯಿಲ್ಲ, ಸಮಯದ ಕೊರತೆಯಿದೆ. ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಮನೆಯ ಕೆಲಸಕ್ಕೆ ತೊಡಗುವ ಉಪಾಧ್ಯಾಯಿನಿಯರ ಸ್ಥಿತಿಯೂ ಅದೇ. ಅವರಿಗೆ ನಡೆಯಿರೆಂದು ಉಪದೇಶಿಸುವುದಕ್ಕಿಂತ, ಅವರ ಅರ್ಧ ಗಂಟೆಯ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳುವುದು ಹೆಚ್ಚು ಫಲಕಾರಿ. ನಡೆಯುವ ಹೆಂಗಸನ್ನು ನೋಡಿ ನಗುವ ಕಣ್ಣುಗಳಿರುವಲ್ಲಿ, ನಾಲ್ವರು ಗೆಳತಿಯರು ಜೊತೆಗೂಡಿ ಹೊರಡುವುದು ಧೈರ್ಯವನ್ನೂ ನಿಯಮವನ್ನೂ ಒಟ್ಟಿಗೆ ತರುತ್ತದೆ.

ಶಾಲೆಗಳಿಗೂ ಇಲ್ಲಿ ಸಣ್ಣದಲ್ಲದ ಪಾತ್ರವಿದೆ. ಪಾಠದ ಅವಧಿ ಮುಗಿದ ಮೇಲೆ ಮುಚ್ಚುವ ಮೈದಾನದ ಬಾಗಿಲನ್ನು ನಸುಕಿನಲ್ಲಿ ಎರಡು ತಾಸು ಊರವರಿಗೆ ತೆರೆದಿಡುವುದಕ್ಕೆ ದೊಡ್ಡ ಖರ್ಚಿಲ್ಲ. ಅಂಚಿನಲ್ಲಿ ಸಮತಟ್ಟಾದ ಕಾಲುದಾರಿ, ಎರಡು ದೀಪ, ಒಂದು ಸಾಲು ಬೇವಿನ ಮರ, ಕುಡಿಯುವ ನೀರಿನ ನಲ್ಲಿ. ಇಷ್ಟನ್ನು ಒದಗಿಸಿದ ದಾನಿಗಳ ಹೆಸರು ಕಲ್ಲಿನ ಮೇಲೆ ಕೆತ್ತದಿದ್ದರೂ ನಡೆಯುವವರ ನೆನಪಿನಲ್ಲಿ ಉಳಿಯುತ್ತದೆ. ೫ರಿಂದ ೧೭ ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಆಟ, ಓಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆ ಸಮೀಪಿಸಿದಾಗ ಆಟದ ಅವಧಿಯನ್ನು ಕಿತ್ತು ಗಣಿತಕ್ಕೆ ಕೊಡುವ ಪದ್ಧತಿಯನ್ನು ಉಪಾಧ್ಯಾಯರು ಪುನರ್ವಿಮರ್ಶಿಸಬೇಕು. ದಪ್ಪನಾದ ಮಗುವನ್ನು ತರಗತಿಯ ಎದುರು ಹಾಸ್ಯಕ್ಕೆ ಗುರಿಮಾಡುವ ಒಂದು ಮಾತು, ಆ ಮಗುವನ್ನು ಮೈದಾನದಿಂದ ಎಷ್ಟೋ ವರ್ಷ ದೂರವಿಡಬಲ್ಲುದು. ಅದಕ್ಕೆ ಪ್ರತಿಯಾಗಿ, ತಮ್ಮ ಗುರುಗಳು ದಿನವೂ ಸಂಜೆ ಆತುರವಿಲ್ಲದೆ ಮೈದಾನದ ಸುತ್ತ ನಡೆಯುವುದನ್ನು ಕಂಡ ಮಕ್ಕಳಿಗೆ ಬೇರೊಂದು ಪಾಠ ಬೇಕಾಗುವುದಿಲ್ಲ.

ಮುಂದಿನ ಯುಗಾದಿಯ ಮರುದಿನವೂ ಮೈದಾನಕ್ಕೆ ಹೊಸ ಮುಖಗಳು ಬರುತ್ತವೆ. ಅವರಲ್ಲಿ ಹತ್ತು ಸುತ್ತು ಓಡಿ ಬೆವರು ಸುರಿಸುವವರ ಕಡೆಗೆ ಎಲ್ಲರ ಕಣ್ಣೂ ಹೋಗುವುದು ಸಹಜ. ಆದರೆ ಮೂಲೆಯಲ್ಲಿ ಹತ್ತೇ ನಿಮಿಷ ನಡೆದು, ಇನ್ನೂ ನಡೆಯಬಲ್ಲೆನೆನ್ನುವಷ್ಟರಲ್ಲಿಯೇ ಮನೆಗೆ ಹಿಂದಿರುಗುವ ವ್ಯಕ್ತಿಯನ್ನು ಗಮನಿಸಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಪಡಸಾಲೆಯ ಉದ್ದಕ್ಕೂ ನಡೆಯುತ್ತಿರುವವರು ಯಾರೆಂದು ನೋಡಿದರೆ, ಅವರೇ ಆಗಿರುವ ಸಂಭವ ಹೆಚ್ಚು.